ಇಂಗ್ಲಿಷಿನ ಪದಪುಂಜ ಕ್ರಿಯೆಗಳು ಮತ್ತು ಕನ್ನಡದ ಎರಡನೆಯ ಕ್ರಿಯೆ: ದೆಹಲಿಯ ಬಳಕೆಮಾತಿನ ಹಿನ್ನೆಲೆಯಲ್ಲಿ

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಯುವವರಿಗೆ ಅದರ ದೊಡ್ಡ ಪದಗಳಿಗಿಂತ ಚಿಕ್ಕ ಪದಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆ. 'ಇನ್‌ವೆಸ್ಟಿಗೇಟ್' ಎಂಬುದರ ಅರ್ಥವನ್ನು ನಿಘಂಟಿನಲ್ಲಿ ಒಮ್ಮೆ ನೋಡಿಕೊಂಡರೆ ಅದು ಕೈವಶವಾಗುತ್ತದೆ. 'ಲುಕ್' ಎಂಬುದಾಗಲಿ 'ಇನ್‌ಟು' ಎಂಬುದಾಗಲಿ ಅಪರಿಚಿತವಲ್ಲ. ಆದರೆ ಅವೆರಡೂ ಸೇರಿ 'ಲುಕ್ ಇನ್‌ಟು' ಎಂದಾದಾಗ ಅದು ವಿಚಾರಣೆ ನಡೆಸುವುದು ಎಂಬ ಅರ್ಥವನ್ನು ಕೊಡುತ್ತದೆಂಬುದು ಬಿಡಿಪದಗಳಿಂದ ಊಹಿಸಲಾಗದ ಸಂಗತಿ. 'ಲುಕ್ ಆಫ್ಟರ್', 'ಲುಕ್ ಅಪ್', 'ಲುಕ್ ಡೌನ್ ಆನ್' ಎಂದು ಬಾಲಂಗೋಚಿ ಬದಲಾದಂತೆಲ್ಲ ನೋಟದ ಅರ್ಥವೂ ಬದಲಾಗುತ್ತ ಹೋಗುತ್ತದೆ. ೧೭೫೫ರಲ್ಲಿ ಪ್ರಕಟವಾದ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಸ್ಯಾಮ್ಯುಅಲ್ ಜಾನ್ಸನ್ ಈ ರಚನೆಗಳು ಪರಕೀಯರಿಗೆ ಬಹಳ ಕಷ್ಟ ಕೊಡುತ್ತವೆಂದು ಗುರುತಿಸಿದ್ದನು. ಇವುಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರು ಮಾತ್ರ ಬಹಳ ತಡವಾಗಿ ಬಂದಿತು. ೧೯೨೫ರಲ್ಲಿ ಹೊರಬಂದ ತನ್ನ ಗ್ರಂಥವೊಂದರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಈ ಹೆಸರನ್ನು ಬಳಸಿ, ಇದನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾಗಿದ್ದ ಹೆನ್ರಿ ಬ್ರಾಡ್ಲಿ ಎಂದು ಹೇಳಿದನು. ಈ ಲೇಖನದಲ್ಲಿ ಅವನ್ನು 'ಪದಪುಂಜ ಕ್ರಿಯೆ' ಎಂದು ಕರೆಯಲಾಗಿದೆ.

ಸಂಸ್ಕೃತವನ್ನು ಅಷ್ಟಿಷ್ಟು ಓದಿದ ಕನ್ನಡ ವಿದ್ಯಾರ್ಥಿಗೆ ಈ ಚಮತ್ಕಾರ ಹೊಸದೇನೂ ಅಲ್ಲ. 'ಹೃ' ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರಗಳು ಹುಟ್ಟುವುದನ್ನು ಅವನು ಬಲ್ಲ. ಧಾತುವಿನ ಮುಂದೆ ನಿಂತ ಉಪಸರ್ಗವು ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಸೆಳೆದೊಯ್ಯುತ್ತದೆ. ವೇದಭಾಷೆಯಲ್ಲಿ ಈ ಉಪಸರ್ಗಗಳು ಕ್ರಿಯಾಪದದಿಂದ ಬೇರ್ಪಟ್ಟು ದೂರದಲ್ಲಿಯೂ ನಿಲ್ಲುತ್ತಿದ್ದವು. ಇಂಗ್ಲಿಷಿನ 'ಅಪ್', 'ಔಟ್', 'ಆಫ್'ಗಳು ಅದೇ ಇಂಡೋ-ಯುರೋಪಿಯನ್ ಮನೆತನದವು, ಕ್ರಿಯಾಪದದ ಹಿಂದಕ್ಕೆ ಸರಿದು ನಿಂತಿವೆ, ಅಷ್ಟೆ. 'ಪಿಕ್ ಅಪ್ ದ ಚೈಲ್ಡ್' ಎಂದೂ ಆಗುತ್ತದೆ, 'ಪಿಕ್ ದ ಚೈಲ್ಡ್ ಅಪ್' ಎಂದೂ ಆಗುತ್ತದೆ. ದ್ರಾವಿಡ ಭಾಷೆಗಳಿಗಾದರೋ ಉಪಸರ್ಗದ ಅಭ್ಯಾಸ ಮೂಲತಃ ಇಲ್ಲ. ಆದ್ದರಿಂದ ಕನ್ನಡ 'ಪರಿಹಾರ'ವನ್ನು ಇಡಿಯಾಗಿ ತೆಗೆದುಕೊಂಡು 'ಪರಿಹರಿಸು' ಎಂದು ಮಾಡಿಕೊಂಡಿತೇ ಹೊರತು, 'ಪರಿ'ಯನ್ನು ಕಿತ್ತು ತನ್ನ 'ಮಾಡು', 'ಹೋಗು'ಗಳಿಗೆ ಅಂಟಿಸಲಿಲ್ಲ. ಇಂದಿನ ಇಂಗ್ಲಿಷ್ ಕ್ರಿಯೆಗಳ ವಿಷಯದಲ್ಲಿಯೂ ಕನ್ನಡ ಇದೇ ದಾರಿಯನ್ನು ಹಿಡಿದಿರುವುದು ಗಮನಾರ್ಹ.

ಇದನ್ನು ನೋಡಲು ದೆಹಲಿ ಒಳ್ಳೆಯ ಸ್ಥಳ. ಅಲ್ಲಿನ ಕನ್ನಡಿಗರು ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಎಂಬ ಮೂರು ಪಾತಳಿಗಳಲ್ಲಿ ದಿನವೂ ಓಡಾಡುವವರು. ದೆಹಲಿ ಕರ್ನಾಟಕ ಸಂಘ ೧೯೪೮ರಲ್ಲಿ ಸ್ಥಾಪನೆಯಾಯಿತು. ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯಿದೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಕನ್ನಡ ಪೀಠವಿದೆ. ಈಗ ಗುರುಗ್ರಾಮ, ನೋಯ್ಡಾಗಳವರೆಗೂ ಹಬ್ಬಿರುವ ಈ ಕನ್ನಡ ಕುಟುಂಬಗಳ ಒಂದು ಮುಂಜಾನೆಯ ಮಾತನ್ನು ಊಹಿಸಿಕೊಳ್ಳಬಹುದು: "ಎಂಟಕ್ಕೆ ಅವಳನ್ನ ಪಿಕಪ್ ಮಾಡ್ಕೊಂಡು ಮೆಟ್ರೋ ಹತ್ರ ಡ್ರಾಪ್ ಮಾಡ್ಬಿಡು. ಹೊರಡೋವಾಗ ಗೀಸರ್ ಆಫ್ ಮಾಡು." ಈ ಮೂರು ಕ್ರಿಯೆಗಳಲ್ಲಿ ನಿಘಂಟಿನ ಕನ್ನಡ ಕಡಿಮೆ. ಆದರೆ ವ್ಯಾಕರಣದ ಕನ್ನಡ?

ಮೊದಲನೆಯದಾಗಿ, 'ಪಿಕಪ್' ಎಂಬುದು ಇಲ್ಲಿ ಒಡೆಯಲಾರದ ಒಂದೇ ಗಂಟು. 'ಪಿಕ್ ಅವಳನ್ನ ಅಪ್ ಮಾಡು' ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಬಿಡಿಸಬಹುದಾಗಿದ್ದುದು ಕನ್ನಡಕ್ಕೆ ಬರುವಾಗ ನಾಮಪದದಂತೆ ಗಟ್ಟಿಯಾಗಿ, 'ಮಾಡು' ಎಂಬ ಆಳಿನ ಹೆಗಲೇರಿ ಬರುತ್ತದೆ. ಎರಡನೆಯದಾಗಿ, ಸಕರ್ಮಕವೋ ಅಕರ್ಮಕವೋ ಎಂಬುದನ್ನು ಇಂಗ್ಲಿಷ್ ಪದ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವವು 'ಮಾಡು', 'ಆಗು'ಗಳು. ಫೋನನ್ನು ಸ್ವಿಚಾಫ್ ಮಾಡಬಹುದು, ಫೋನು ತಾನೇ ಸ್ವಿಚಾಫ್ ಆಗಬಹುದು. 'ಚೆಕಪ್ ಮಾಡಿಸು' ಎಂದು ಪ್ರೇರಣಾರ್ಥಕವನ್ನೂ ಕೂಡಿಸಬಹುದು. ಇನ್ನೂ ವಿಲಕ್ಷಣವಾದುದು 'ಆಫ್ ಮಾಡು'. ಇಲ್ಲಿ 'ಸ್ವಿಚ್', 'ಟರ್ನ್' ಎಂಬ ಇಂಗ್ಲಿಷ್ ಕ್ರಿಯೆಯೇ ಕಳಚಿಬಿದ್ದು ಬಾಲ ಮಾತ್ರ ಉಳಿದಿದೆ. ತಲೆಯ ಜಾಗದಲ್ಲಿ ಕನ್ನಡದ 'ಮಾಡು' ಕುಳಿತಿದೆ. ಒಂದು ದೃಷ್ಟಿಯಿಂದ ಇದು ಅಚ್ಚುಕಟ್ಟಾದ ವ್ಯವಹಾರ: ಅರ್ಥದ ಭಾರವನ್ನೆಲ್ಲ ಹೊತ್ತಿದ್ದುದು 'ಆಫ್' ಎಂಬುದೇ ಎಂದು ಓದುಬರಹ ಬಾರದವನೂ ಕಂಡುಕೊಂಡಿದ್ದಾನೆ.

ಆದರೆ ಈ ಲೇಖನಕ್ಕೆ ಮುಖ್ಯವಾದುದು ಮೇಲಿನ ವಾಕ್ಯಗಳಲ್ಲಿನ 'ಕೊಂಡು' ಮತ್ತು 'ಬಿಡು'. 'ಪಿಕಪ್'ನಲ್ಲಿ 'ಅಪ್' ಇದ್ದರೂ ಕನ್ನಡಿಗನಿಗೆ ಸಾಲಲಿಲ್ಲ, 'ಕೊಂಡು' ಬೇಕಾಯಿತು. ಏಕೆ?

ಲಿಯೊನಾರ್ಡ್ ಟಾಲ್ಮಿ ೧೯೮೫ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಚಲನೆಯ ದಿಕ್ಕನ್ನು ಭಾಷೆಗಳು ಎಲ್ಲಿ ತುಂಬಿಡುತ್ತವೆ ಎಂಬ ಪ್ರಶ್ನೆಯನ್ನೆತ್ತಿದನು. ಕೆಲವು ಭಾಷೆಗಳು ದಿಕ್ಕನ್ನು ಕ್ರಿಯಾಪದದ ಹೊರಗೆ, ಪಕ್ಕದ ಪುಟ್ಟ ಪದದಲ್ಲಿ ಇಡುತ್ತವೆ. ಕೆಲವು ಧಾತುವಿನ ಒಳಗೇ ಇಡುತ್ತವೆ. ಇಂಗ್ಲಿಷ್ ಮೊದಲನೆಯ ಬಗೆಯದು. ಕನ್ನಡದ ವರ್ತನೆ ಬಹುಮಟ್ಟಿಗೆ ಎರಡನೆಯದರದು. ಹತ್ತು, ಇಳಿ, ಏಳು, ಹೊಗು, ಹೊರಡು, ದಾಟು, ಮರಳು ಎಂಬ ಧಾತುಗಳಲ್ಲಿ ಮೇಲೆ, ಕೆಳಗೆ, ಒಳಗೆ, ಹೊರಗೆ, ಆಚೆ, ಹಿಂದಕ್ಕೆ ಎಂಬ ದಿಕ್ಕುಗಳು ಅಡಗಿಯೇ ಇವೆ. 'ಗೆಟ್ ಅಪ್' ಎಂಬುದಕ್ಕೆ ಕನ್ನಡದಲ್ಲಿ 'ಏಳು' ಎಂಬ ಎರಡಕ್ಷರ ಸಾಕು. ಭಾರತೀಯರು ಬಸ್ಸಿನಿಂದ 'ಗೆಟ್ ಆಫ್' ಆಗುವ ಬದಲು 'ಗೆಟ್ ಡೌನ್' ಆಗುವುದನ್ನು ಇಂಗ್ಲಿಷ್ ಮೇಷ್ಟರುಗಳು ತಿದ್ದುತ್ತ ಬಂದಿದ್ದಾರೆ. ಆ 'ಡೌನ್' ಎಂಬುದು ಕನ್ನಡದ 'ಇಳಿ', ಹಿಂದಿಯ 'ಉತರನಾ' ಧಾತುಗಳ ಹೊಟ್ಟೆಯಿಂದ ಬಂದದ್ದು. ಅದನ್ನು ತಪ್ಪೆನ್ನುವುದಕ್ಕಿಂತ ತಾಯಿನುಡಿಯ ಸಾಕ್ಷ್ಯವೆನ್ನುವುದು ಮೇಲು.

ದಿಕ್ಕಿನ ಕೆಲಸ ಧಾತುವಿನಲ್ಲಿಯೇ ಮುಗಿದುಹೋದ ಮೇಲೆ, ಕ್ರಿಯೆಯ ನಂತರದ ಸ್ಥಾನ ಕನ್ನಡದಲ್ಲಿ ಖಾಲಿ ಉಳಿಯಿತು. ಆ ಸ್ಥಾನದಲ್ಲಿ ಕನ್ನಡ ಇನ್ನೊಂದು ಕ್ರಿಯಾಪದವನ್ನು ತಂದು ನಿಲ್ಲಿಸಿತು. ಮುಖ್ಯಕ್ರಿಯೆ ಕೃದಂತಾವ್ಯಯವಾಗಿ ಮುಂದೆ ನಿಲ್ಲುತ್ತದೆ. ಕೊಳ್ಳು, ಕೊಡು, ಬಿಡು, ಹಾಕು, ಹೋಗು, ಇಡು, ನೋಡು ಮೊದಲಾದವು ತಮ್ಮ ಮೂಲಾರ್ಥವನ್ನು ಬಹುಪಾಲು ತೊರೆದು ಅದರ ಬೆನ್ನಿಗೆ ಬರುತ್ತವೆ. ಹೆರಾಲ್ಡ್ ಶಿಫ್‌ಮನ್ ೧೯೮೩ರ ತನ್ನ ಆಡುಗನ್ನಡ ವ್ಯಾಕರಣದಲ್ಲಿಯೂ ಎಸ್.ಎನ್. ಶ್ರೀಧರ್ ಅವರು ೧೯೯೦ರ ತಮ್ಮ ಕನ್ನಡ ವ್ಯಾಕರಣದಲ್ಲಿಯೂ ಇವುಗಳನ್ನು ವಿವರಿಸಿದ್ದಾರೆ. ಈ ಎರಡನೆಯ ಕ್ರಿಯೆ ಹೇಳುವುದೇನನ್ನು? ಇಂಗ್ಲಿಷಿನ ಬಾಲಪದ ಕ್ರಿಯೆ ಎತ್ತ ಹೋಯಿತು ಎಂಬುದನ್ನು ಹೇಳಿದರೆ, ಕನ್ನಡದ ಎರಡನೆಯ ಕ್ರಿಯೆ ಅದರ ಫಲ ಯಾರಿಗೆ ಹೋಯಿತು, ಮಾಡಿದವನ ಮನಸ್ಸು ಹೇಗಿತ್ತು, ನೋಡಿದವನಿಗೆ ಏನನ್ನಿಸಿತು ಎಂಬುದನ್ನು ಹೇಳುತ್ತದೆ.

'ರೈಟ್ ಇಟ್ ಡೌನ್' ಎಂಬ ಸಾಮಾನ್ಯ ವಾಕ್ಯವನ್ನು ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ಅಕ್ಷರಗಳು ಕಾಗದದ ಮೇಲಕ್ಕೆ ಇಳಿದವು. ಅಲ್ಲಿಗೆ ಮಾತು ಮುಗಿಯಿತು. ಕನ್ನಡದಲ್ಲಿ ಹೇಳುವವನು ಮೊದಲು ಒಂದು ತೀರ್ಮಾನಕ್ಕೆ ಬರಬೇಕು. ಕೇಳಿದವನೇ ತನ್ನ ಉಪಯೋಗಕ್ಕಾಗಿ ಬರೆಯುವುದಾದರೆ 'ಬರೆದುಕೊ'. ಬೇರೆಯವರಿಗಾಗಿ ಆದರೆ 'ಬರೆದುಕೊಡು'. ಮುಂದೆಂದೋ ಬೇಕಾಗಬಹುದು ಎಂದಾದರೆ 'ಬರೆದಿಡು'. ಬಹಳ ದಿನದಿಂದ ಬಾಕಿ ಬಿದ್ದ ಕೆಲಸ, ಒಮ್ಮೆಗೇ ಮುಗಿಯಲಿ ಎಂದಾದರೆ 'ಬರೆದುಬಿಡು'. ಬೇಸರದಿಂದ, ಕೈತೊಳೆದುಕೊಳ್ಳುವ ಧಾಟಿಯಲ್ಲಿ ಆದರೆ 'ಬರೆದುಹಾಕು'. ಬರುತ್ತದೋ ಇಲ್ಲವೋ ಪರೀಕ್ಷಿಸುವುದಾದರೆ 'ಬರೆದುನೋಡು'. 'ಡೌನ್' ಎಂಬ ಒಂದು ಪದದೆದುರು ಆರು ಕ್ರಿಯೆಗಳು ನಿಂತಿವೆ. ಯಾವುದೂ ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಭಾಷಾಂತರದ ಪತ್ರಿಕೆಯಲ್ಲಿ ವಿದ್ಯಾರ್ಥಿ ಬರಿದೆ 'ಅದನ್ನು ಕೆಳಗೆ ಬರೆ' ಎಂದು ಬರೆದರೆ, ಅವನಿಗೆ ಇಂಗ್ಲಿಷ್ ಬಾರದೆಂದು ಗೊಣಗುವುದು ವಾಡಿಕೆ. ತಪ್ಪಿರುವುದು ಕನ್ನಡದಲ್ಲಿ.

ಕೆಲವೆಡೆ ಎರಡು ಭಾಷೆಗಳೂ ಆಶ್ಚರ್ಯಕರವಾಗಿ ಹತ್ತಿರ ಬರುತ್ತವೆ. 'ಲುಕ್ ಆಫ್ಟರ್' ಎಂಬುದಕ್ಕೆ ಕನ್ನಡದಲ್ಲಿಯೂ ನೋಟದ ಕ್ರಿಯೆಯೇ: ನೋಡಿಕೊ. 'ಆಫ್ಟರ್'ನಲ್ಲಿ ಒಬ್ಬನ ಹಿಂದೆಯೇ ಹೋಗುವ ಕಣ್ಣಿದ್ದರೆ, 'ಕೊ'ನಲ್ಲಿ ಆ ವ್ಯಕ್ತಿಯನ್ನು ತನ್ನದಾಗಿಸಿಕೊಳ್ಳುವ ಭಾವವಿದೆ. 'ಈಟ್ ಅಪ್' ಎಂಬಲ್ಲಿ 'ಅಪ್' ಮೇಲ್ಮುಖವನ್ನೇನೂ ಹೇಳುವುದಿಲ್ಲ, ಪೂರ್ತಿಯಾಗಿ ಎಂದಷ್ಟೇ ಹೇಳುತ್ತದೆ. 'ತಿಂದುಬಿಡು' ಅದಕ್ಕೆ ಸಮೀಪ. 'ಗೋ ಔಟ್', 'ಡ್ರೈ ಅಪ್', 'ಬರ್ನ್ ಡೌನ್'ಗಳಿಗೆ ದೀಪ ಆರಿಹೋಯಿತು, ಕೆರೆ ಬತ್ತಿಹೋಯಿತು, ಮನೆ ಸುಟ್ಟುಹೋಯಿತು ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಔಟ್, ಅಪ್, ಡೌನ್ ಎಂಬ ಮೂರು ದಿಕ್ಕುಗಳಿದ್ದರೆ ಕನ್ನಡದಲ್ಲಿ ಮೂರಕ್ಕೂ ಒಂದೇ 'ಹೋಯಿತು'. ಹಿಂದಿರುಗಿ ಬಾರದ ನಷ್ಟವೆಂಬುದೇ ಕನ್ನಡದ ಕಣ್ಣಿಗೆ ಮುಖ್ಯವಾಯಿತು.

ಎರಡನೆಯ ಕ್ರಿಯೆಯೊಂದೇ ಕನ್ನಡದ ಉಪಾಯವಲ್ಲ. ಇನ್ನೊಂದು ಹಳೆಯ ದಾರಿಯೂ ಇದೆ. ಕೇಶಿರಾಜನ ಕಾಲದಿಂದಲೂ ವ್ಯಾಕರಣದ ಪಾಠದಲ್ಲಿ ಬರುವ ಕ್ರಿಯಾಸಮಾಸದಲ್ಲಿ ಬಹುದೊಡ್ಡ ಪಾಲು ದೇಹದ ಅವಯವಗಳದು. ಬಿಡಿಪದಗಳಿಂದ ಊಹಿಸಲಾಗದ ಅರ್ಥಕ್ಕೆ ಇಂಗ್ಲಿಷ್ ಚಿಕ್ಕ ಅವ್ಯಯವನ್ನು ಕರೆದರೆ, ಕನ್ನಡ ಕೈ, ತಲೆ, ಬಾಯಿ, ಬೆನ್ನುಗಳನ್ನು ಕರೆಯುತ್ತದೆ. 'ಲೆಟ್ ಡೌನ್' ಎಂಬುದಕ್ಕೆ ಕೈಕೊಡು, 'ಕ್ರಾಪ್ ಅಪ್' ಎಂಬುದಕ್ಕೆ ತಲೆದೋರು, 'ಓನ್ ಅಪ್' ಎಂಬುದಕ್ಕೆ ಬಾಯಿಬಿಡು ಎಂಬುವು ಅಷ್ಟೇ ಗೂಢ, ಅಷ್ಟೇ ಸಲೀಸು. ಕನ್ನಡ ಕಲಿಯುವ ಪರಭಾಷಿಕನೊಬ್ಬ 'ಗೆಳೆಯ ಕೈಕೊಟ್ಟ' ಎಂಬುದನ್ನು ಸ್ನೇಹದ ಹಸ್ತಲಾಘವವೆಂದು ತಿಳಿದರೆ ಅದು ಅವನ ತಪ್ಪಲ್ಲ! ಕಿಟೆಲ್ಲರ ೧೮೯೪ರ ನಿಘಂಟಿನಲ್ಲಿ 'ಕೈ' ಶಬ್ದದ ಸುತ್ತ ಇಂಥ ಕೂಡುಪದಗಳ ದೊಡ್ಡ ಹಿಂಡೇ ಇದೆ. ಇಂಗ್ಲಿಷಿನ ಪದಪುಂಜ ಕ್ರಿಯೆಗಳನ್ನು ಉರುಹೊಡೆಸುವ ಮೊದಲು ತರಗತಿಯಲ್ಲಿ ಈ ಪುಟಗಳನ್ನು ಒಮ್ಮೆ ತೆರೆಯಬೇಕು.

ಈ ಎರಡೂ ಉಪಾಯಗಳು ಒಟ್ಟಿಗೆ ಬೆವರು ಸುರಿಸಿದ ಜಾಗವೆಂದರೆ ದೆಹಲಿಯ ವಾರ್ತಾಶಾಲೆ. ಆಕಾಶವಾಣಿಯ ಕನ್ನಡ ವಾರ್ತೆ ದಶಕಗಳ ಕಾಲ ದೆಹಲಿಯಿಂದಲೇ ಪ್ರಸಾರವಾಗುತ್ತಿತ್ತು. ಇಂಗ್ಲಿಷಿನಲ್ಲಿ ಸಿದ್ಧವಾದ ಸುದ್ದಿಯ ಪ್ರತಿ ಕೈಗೆ ಬರುವುದು, ಗಡಿಯಾರ ಓಡುತ್ತಿರುವುದು, ಅದನ್ನು ಕನ್ನಡ ಮಾಡಿ ಓದುವುದು. ಸುದ್ದಿಯ ಇಂಗ್ಲಿಷಿನಲ್ಲಿ ಪದಪುಂಜ ಕ್ರಿಯೆಗಳು ಸಾಲುಸಾಲಾಗಿ ಬರುತ್ತವೆ. ಮುಷ್ಕರ 'ಕಾಲ್ಡ್ ಆಫ್' ಆದರೆ ಹಿಂತೆಗೆದುಕೊಳ್ಳಲಾಯಿತು. ಸಭೆ 'ಪುಟ್ ಆಫ್' ಆದರೆ ಮುಂದೂಡಲಾಯಿತು. ಸಾಧ್ಯತೆ 'ರೂಲ್ಡ್ ಔಟ್' ಆದರೆ ತಳ್ಳಿಹಾಕಲಾಯಿತು. ವಿಷಯ 'ಟೇಕನ್ ಅಪ್' ಆದರೆ ಕೈಗೆತ್ತಿಕೊಳ್ಳಲಾಯಿತು. ಈ ಕೊನೆಯದರಲ್ಲಿ ಅವಯವವೂ ಇದೆ, ಎರಡನೆಯ ಕ್ರಿಯೆಯೂ ಇದೆ. ಆಡುಮಾತಿನ ಒಂದು ಚಿತ್ರ ರಾಜ್ಯಾಡಳಿತದ ಮಾತಾಗಿದೆ. ಸಂಸತ್ತಿನ 'ವಾಕ್ ಔಟ್' ಸಭಾತ್ಯಾಗವಾಯಿತು. ಇದು ಸಂಸ್ಕೃತದ ನೆರವಿನಿಂದ ಆದ, ತುಸು ಗಂಭೀರವಾದ, ಆದರೆ ನಿಂತ ಪದ. ಸುಪ್ರೀಂ ಕೋರ್ಟು ಕೆಳ ನ್ಯಾಯಾಲಯದ ತೀರ್ಪನ್ನು 'ಎತ್ತಿಹಿಡಿಯಿತು' ಎಂಬಲ್ಲಿ ಮಾತ್ರ ಇಂಗ್ಲಿಷಿನ 'ಅಪ್‌ಹೋಲ್ಡ್' ಎಂಬುದರ ನೆರಳು ಕಾಣುತ್ತದೆ. ಅದು ಪದಪುಂಜ ಕ್ರಿಯೆಯಲ್ಲ, ಅದರ ದಾಯಾದಿ. ನೆರಳಾದರೂ ಮೈ ಕನ್ನಡದ್ದೇ ಆದುದರಿಂದ ಯಾರಿಗೂ ಅದು ಚುಚ್ಚುವುದಿಲ್ಲ.

ನಿಜವಾದ ಪರೀಕ್ಷೆ 'ಬ್ರೇಕ್ ಔಟ್' ಎಂಬುದು. ಇಂಗ್ಲಿಷಿಗೆ ಬೆಂಕಿ, ಗಲಭೆ, ರೋಗ, ಕೈದಿ ಎಲ್ಲರೂ ಒಂದೇ. ಎಲ್ಲವೂ ಯಾವುದೋ ಆವರಣವನ್ನು ಒಡೆದು ಹೊರಗೆ ಬಂದವು. ಕನ್ನಡದಲ್ಲಿ ಬೆಂಕಿ ಹೊತ್ತಿಕೊಂಡಿತು, ಗಲಭೆ ಭುಗಿಲೆದ್ದಿತು, ರೋಗ ಕಾಣಿಸಿಕೊಂಡಿತು, ಕೈದಿ ತಪ್ಪಿಸಿಕೊಂಡ. ನಾಲ್ಕರಲ್ಲಿ ಮೂರು ಕಡೆ 'ಕೊಳ್ಳು' ಬಂದಿರುವುದು ಆಕಸ್ಮಿಕವಲ್ಲ. ಹೊರಗಿನವರು ಮಾಡಿದ್ದಲ್ಲ, ತನ್ನಿಂದ ತಾನೇ ಆದದ್ದು ಅಥವಾ ತನಗಾಗಿ ತಾನೇ ಮಾಡಿಕೊಂಡದ್ದು ಎಂಬ ಎಳೆಯೇ ಇವುಗಳನ್ನು ಕಟ್ಟಿದೆ. ಇಂಗ್ಲಿಷ್ ಒಡೆದ ಗೋಡೆಯನ್ನು ನೋಡಿತು. ಕನ್ನಡ ಒಳಗಿದ್ದವನನ್ನು ನೋಡಿತು.

ಕಚೇರಿಗಳ ಭಾಷೆಯೂ ಇಲ್ಲಿ ನೆನೆಯತಕ್ಕದ್ದು. ಕೇಂದ್ರ ಸರ್ಕಾರದ ಕಡತಗಳ ಅಂಚಿನಲ್ಲಿ 'ಪ್ಲೀಸ್ ಪುಟ್ ಅಪ್' ಎಂಬ ಷರಾ ಬೀಳುತ್ತಲೇ ಬಂದಿದೆ. ಕರ್ನಾಟಕದ ಕಚೇರಿಗಳಲ್ಲಿ ಇದು ಬರಹದಲ್ಲಿ 'ಕಡತ ಮಂಡಿಸಿ', ಬಾಯಲ್ಲಿ 'ಫೈಲ್ ಪುಟಪ್ ಮಾಡಿ'. ಮೇಲಧಿಕಾರಿ ಮೇಲೆ, ಗುಮಾಸ್ತ ಕೆಳಗೆ. ಆದ್ದರಿಂದ ಇಂಗ್ಲಿಷಿನ ಕಡತ 'ಅಪ್' ಹೋಗುತ್ತದೆ. ಊರಿನಿಂದ ಬಂದ ಅತಿಥಿಯನ್ನೂ ಹಳೆಯ ಇಂಗ್ಲಿಷ್ ಮರ್ಯಾದೆಯಲ್ಲಿ 'ವೇರ್ ಆರ್ ಯು ಪುಟ್ಟಿಂಗ್ ಅಪ್' ಎಂದೇ ಕೇಳುತ್ತಿದ್ದರು. ಕನ್ನಡದಲ್ಲಿ ಅದೇ ಅತಿಥಿ ಕರ್ನಾಟಕ ಭವನದಲ್ಲಿ 'ಇಳಿದುಕೊಂಡಿದ್ದಾನೆ'. ಇಂಗ್ಲಿಷಿನಲ್ಲಿ ಮೇಲೇರಿದವನು ಕನ್ನಡದಲ್ಲಿ ಕೆಳಗಿಳಿದ. ಗಾಡಿಯಿಂದಲೋ ಕುದುರೆಯಿಂದಲೋ ಇಳಿದು ಹೊರೆಯನ್ನು ಇಳುಹಿದ ಹಳೆಯ ದಾರಿಹೋಕನ ಚಿತ್ರ ಅಲ್ಲಿ ಉಳಿದಿದೆ. ಇನ್ನು 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊ. ದೆಹಲಿಯ ಬೇಸಗೆಯನ್ನಾಗಲಿ ನೆಂಟರನ್ನಾಗಲಿ ಕನ್ನಡಿಗ ಸಹಿಸುವುದು ಕಡಿಮೆ, ಸಹಿಸಿಕೊಳ್ಳುವುದೇ ಹೆಚ್ಚು. ನುಂಗಿದ ಕಷ್ಟ ಒಳಗೇ ಉಳಿಯಿತೆಂಬುದನ್ನು 'ಕೊ' ಹೇಳುತ್ತದೆ.

ಪದಪುಂಜ ಕ್ರಿಯೆಗಳಿಂದ ಹುಟ್ಟಿದ ನಾಮಪದಗಳು ಇನ್ನೂ ಸುಲಭವಾಗಿ ಒಳಬರುತ್ತವೆ. ಅವಕ್ಕೆ ಕನ್ನಡದಲ್ಲಿ ಬಾಗಿಲು ತೆರೆದೇ ಇದೆ. ೨೦೨೦ರ ಮಾರ್ಚ್ ೨೫ರಿಂದ ದೇಶವಿಡೀ ಜಾರಿಗೆ ಬಂದ 'ಲಾಕ್‌ಡೌನ್' ಒಂದೇ ವಾರದಲ್ಲಿ ಹಳ್ಳಿಹಳ್ಳಿಯ ಮಾತಾಯಿತು. 'ದಿಗ್ಬಂಧನ' ಎಂಬುದನ್ನು ಕೆಲವರು ಬಳಸಿ ನೋಡಿದರು. ಅದು ಮಂತ್ರಶಾಸ್ತ್ರದ ವಾಸನೆಯನ್ನು ಬಿಡಲಿಲ್ಲ. ಬ್ರೇಕ್‌ಡೌನ್, ಚೆಕಪ್, ಬ್ರೇಕಪ್, ಲಾಗಿನ್‌ಗಳೂ ಹೀಗೆಯೇ ನೆಲೆಸಿವೆ. ಇವುಗಳ ವಿರುದ್ಧ ಹರಿಹಾಯುವುದರಿಂದ ಪ್ರಯೋಜನ ಕಡಿಮೆ.

ಕಳವಳ ಪಡಬೇಕಾದ ಜಾಗ ಬೇರೆಯಿದೆ. ಹಿಂದಿಯಲ್ಲಿಯೂ ಎರಡನೆಯ ಕ್ರಿಯೆಯಿದೆ, ಎಂ.ಬಿ. ಎಮೆನೋ ೧೯೫೬ರಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು ನಿರೂಪಿಸಿದ ಬಳಿಕ ಕಾಲಿನ್ ಮಸಿಕಾ ೧೯೭೬ರ ಗ್ರಂಥದಲ್ಲಿ ಈ ಸಂಯುಕ್ತ ಕ್ರಿಯೆಗಳನ್ನು ಆ ವಲಯದ ಲಕ್ಷಣಗಳಲ್ಲೊಂದಾಗಿ ಪರಿಶೀಲಿಸಿದನು. 'ಮಾರ್ ಡಾಲಾ', 'ಕೊಂದುಹಾಕಿದ'ಗಳು ಅಕ್ಕಪಕ್ಕದಲ್ಲಿಟ್ಟರೆ ಅವಳಿಗಳಂತೆ ಕಾಣುತ್ತವೆ. ಹಿಂದಿಯ 'ಲೇನಾ' ಕನ್ನಡದ 'ಕೊಳ್ಳು'ವಿಗೂ 'ದೇನಾ' 'ಕೊಡು'ವಿಗೂ ಹತ್ತಿರ. ಹತ್ತಿರ, ಆದರೆ ಒಂದೇ ಅಲ್ಲ. ಹಿಂದಿಯ 'ದೇನಾ' ಬಹಳ ದೂರ ಓಡಾಡುತ್ತದೆ. ಕಸವನ್ನೂ 'ಫೇಂಕ್ ದೋ', ದೀಪವನ್ನೂ 'ಬಂದ್ ಕರ್ ದೋ'. ಇಲ್ಲಿ ಯಾರಿಗೂ ಏನನ್ನೂ ಕೊಡುವ ಪ್ರಶ್ನೆಯಿಲ್ಲ. ಕನ್ನಡದ 'ಕೊಡು' ಅಷ್ಟು ಸವೆದಿಲ್ಲ. ಅದು ಬಂದಲ್ಲಿ ಪಡೆಯುವವನೊಬ್ಬ ಇರಲೇಬೇಕು. ದೆಹಲಿಯಲ್ಲಿ ಹುಟ್ಟಿ ಹಿಂದಿಯಲ್ಲಿ ಆಡಿ ಬೆಳೆದ ಕನ್ನಡದ ಮಗುವಿನ ಬಾಯಿಗೆ 'ಬಿಸಾಡಿಕೊಡು', 'ಬಂದ್ ಮಾಡಿಕೊಡು' ಎಂಬ ರೂಪಗಳು ಬರುವುದು ಸಹಜ. ಶಬ್ದಗಳೆಲ್ಲ ಕನ್ನಡದವೇ ಆದ್ದರಿಂದ ಮನೆಯ ಹಿರಿಯರು ತೃಪ್ತರಾಗಿರುತ್ತಾರೆ. ಆದರೆ ಧಾರವಾಡದ ಅಜ್ಜಿಗೆ 'ಬಿಸಾಡಿಕೊಡು' ಎಂದರೆ 'ನನಗೋಸ್ಕರ ನೀನು ಬಿಸಾಡು' ಎಂದು ಕೇಳಿಸುತ್ತದೆ. 'ಬಿಸಾಡಿಬಿಡು' ಎಂಬುದರಲ್ಲಿರುವ 'ಇನ್ನು ಸಾಕು, ತೊಲಗಲಿ' ಎಂಬ ಭಾವ ಕೇಳಿಸುವುದಿಲ್ಲ.

ಮುಂಜಾನೆಯ ಆ ವಾಕ್ಯಕ್ಕೆ ಮರಳಿದರೆ, 'ಪಿಕಪ್ ಮಾಡ್ಕೊಂಡು' ಎಂದವರ ಕನ್ನಡ ಇನ್ನೂ ಕೆಟ್ಟಿಲ್ಲ. ಶಬ್ದ ಇಂಗ್ಲಿಷಿನದಾದರೂ 'ಜೊತೆಗೆ ಕರೆದುಕೊಂಡು' ಎಂಬ ಸಂಬಂಧವನ್ನು 'ಕೊಂಡು' ಕಾಪಾಡಿದೆ. 'ಡ್ರಾಪ್ ಮಾಡು', 'ಡ್ರಾಪ್ ಕೊಡು', 'ಡ್ರಾಪ್ ಮಾಡ್ಬಿಡು' ಎಂಬ ಮೂರರಲ್ಲಿ ಮೊದಲನೆಯದು ಕೆಲಸ, ಎರಡನೆಯದು ಉಪಕಾರ, ಮೂರನೆಯದು ತಲೆಯ ಮೇಲಿನ ಹೊರೆ ಇಳಿಸುವುದು. ಈ ಮೂರನ್ನು ಬೇರೆಬೇರೆಯಾಗಿ ಕೇಳಬಲ್ಲ ಕಿವಿ ಇರುವವರೆಗೆ 'ಡ್ರಾಪ್' ಎಂಬುದು ಅತಿಥಿ ಮಾತ್ರ. ಆ ಕಿವಿ ಹೋದ ಮೇಲೆ, ಪದಕೋಶವೆಲ್ಲ ಅಚ್ಚಗನ್ನಡದ್ದಾಗಿದ್ದರೂ ವಾಕ್ಯ ಬೇರೆ ಭಾಷೆಯದಾಗಿರುತ್ತದೆ. ಮೈಸೂರು ವಿಶ್ವವಿದ್ಯಾಲಯದ ೧೯೪೬ರ ಇಂಗ್ಲಿಷ್-ಕನ್ನಡ ನಿಘಂಟು ಮೊದಲ್ಗೊಂಡು ಎಲ್ಲ ನಿಘಂಟುಗಳೂ ಶಬ್ದಕ್ಕೆ ಶಬ್ದವನ್ನು ಕೊಡಬಲ್ಲವು. ಯಾವಾಗ 'ಕೊ', ಯಾವಾಗ 'ಬಿಡು' ಎಂಬುದನ್ನು ಮಗು ಮನೆಯ ಮಾತಿನಿಂದಲೇ ಹೆಕ್ಕಿಕೊಳ್ಳಬೇಕು. ದೂರದೂರಿನ ಕನ್ನಡ ತರಗತಿಗಳು ವರ್ಣಮಾಲೆ, ನಾಡಗೀತೆಗಳಿಗೆ ಕೊಡುವ ಹೊತ್ತಿನಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಬಹುದು.

ಅಂಥ ತರಗತಿಯಲ್ಲಿ 'ಗಿವ್ ಅಪ್' ಎಂಬುದೊಂದನ್ನೇ ಹಿಡಿದು ಒಂದು ಗಂಟೆ ಪಾಠ ಮಾಡಬಹುದು. ಸಿಗರೇಟನ್ನು ಬಿಟ್ಟುಬಿಟ್ಟ, ಯೋಜನೆಯನ್ನು ಕೈಬಿಟ್ಟ, ವೈದ್ಯರು ಕೈಚೆಲ್ಲಿದರು, ಕಳ್ಳ ಪೊಲೀಸರಿಗೆ ತನ್ನನ್ನು ಒಪ್ಪಿಸಿಕೊಂಡ. ಕೊನೆಯದಾಗಿ ಮೆಟ್ರೋ ರೈಲಿನ ಒಂದು ಸನ್ನಿವೇಶ. ತುಂಬಿದ ಬೋಗಿಯೊಳಗೆ ವೃದ್ಧೆಯೊಬ್ಬಳು ಹತ್ತಿದ್ದಾಳೆ, ತಾಯಿ ಮಗನಿಗೆ ಸೀಟಿನಿಂದ ಏಳಲು ಹೇಳಬೇಕು. ಇಂಗ್ಲಿಷಿನಲ್ಲಿ 'ಗಿವ್ ಅಪ್ ಯುವರ್ ಸೀಟ್' ಎಂದರೆ ಸಾಕು. ಕನ್ನಡದಲ್ಲಿ 'ಸೀಟು ಬಿಟ್ಟುಬಿಡು' ಎಂದರೆ ಹುಡುಗ ಎದ್ದಾನು, ಆ ಜಾಗದಲ್ಲಿ ಯಾರು ಬೇಕಾದರೂ ಕುಳಿತಾರು. 'ಸೀಟು ಬಿಟ್ಟುಕೊಡು' ಎಂದರೆ ಅವನು ಎದ್ದು, ತಿರುಗಿ, ಆ ಮುದುಕಿಯನ್ನು ಕರೆದು ಕೂರಿಸುತ್ತಾನೆ.